ಹುಣಸೆಮರದ ಸ್ಟಾಪು

"ಇನ್ನೊಂದ್ಸಲ ಒರಸು" ಎಂದ ಅಮೀರ್‌ಜಾನ್.

ಕಂಡಕ್ಟರ್ ಕೆಂಚೇಶ ಬಂಪರಿನ ಮೇಲೆ ನಿಂತು ಮುಂದಿನ ಗಾಜನ್ನು ಒಮ್ಮೆ ಹಳೇ ಬನಿಯನ್ನಿನ ತುಂಡಿನಿಂದ, ಇನ್ನೊಮ್ಮೆ ಪೇಪರಿನಿಂದ ಒರೆಸಿ ಆಗಿತ್ತು. ಮಂಜು ಕೂರದಿರಲೆಂದು ಹೊಗೆಸೊಪ್ಪನ್ನೂ ತಿಕ್ಕಿದ್ದ. ಅವನು ಗಾಜಿನ ಆಚೆಯಿಂದ ಬಗ್ಗಿ ಡ್ರೈವರನ ಮುಖವನ್ನೊಮ್ಮೆ ನೋಡಿದ.

"ಗಾಜು ಕ್ಲೀನಾಗೈತೆ ಭಾಯ್. ಇರಾದು ಮಂಜು."

"ಮಂಜೇ ಬಿಡು" ಎಂದು ಅಮೀರ್‌ಜಾನ್ ಎಂಜಿನ್ ಚಾಲೂ ಮಾಡಿದ.

ಡಿಸೆಂಬರಿನ ಕೊನೆಯ ವಾರ. ರಾತ್ರಿ ಡ್ರೈವರು ಕಂಡಕ್ಟರ ಸಮೇತ ಉಬ್ರಾಣಿಯಲ್ಲೇ ಉಳಿಯುತ್ತಿದ್ದ ಆ ಖಾಸಗಿ ಬಸ್ಸು ಬೆಳಿಗ್ಗೆ ಆರೂಕಾಲಕ್ಕೆ ಚನ್ನಗಿರಿಗೆ ಹೊರಟು, ಅಲ್ಲಿಂದ ದಾವಣಗೆರೆಗೆ ಹೋಗಬೇಕು. ಜನ ಆಗಲೇ ಹತ್ತಿ, ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು, ಶಾಲು ಟವೆಲುಗಳೊಳಗೆ ಮುದುಡಿ ಕೂತಿದ್ದರು. ಡ್ರೈವರನ ಎಡಕ್ಕಿರುವ ಮೊದಲ ಸೀಟಿನಲ್ಲಿ ಮಂಕಿ ಕ್ಯಾಪು ಹಾಕಿಕೊಂಡ ಚಿಕ್ಕಹನುಮಂತಪ್ಪ ಮೇಷ್ಟ್ರು. ಅವರು ರಿಟೈರಾಗಿ ಹನ್ನೊಂದು ವರ್ಷ. ಚನ್ನಗಿರಿಯಲ್ಲಿ ಅವರಿಗೆ ಯಾವ ಕೆಲಸವೂ ಇರಲಿಲ್ಲವಾದ್ದರಿಂದ ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಒಂದು ಕಾಫಿ ಕುಡಿದು, ಪೇಪರು ಓದಿ, ಹತ್ತೂವರೆಯ ಬಸ್ಸಿಗೆ ವಾಪಸು. ಇಂಥ ಚಳಿಯನ್ನು ತಾವು ಹುಟ್ಟಿದಾಗಿನಿಂದ ಕಂಡಿಲ್ಲವೆಂದು ಅವರು ಪ್ರತಿ ವರ್ಷವೂ ಹೇಳುತ್ತಿದ್ದರು. ಚಳಿ ಅಷ್ಟೇ ಇದೆ, ಹಳೇದಾಗಿರುವುದು ನಮ್ಮ ಮೂಳೆ ಎಂದು ಅಮೀರ್‌ಜಾನ್ ಪ್ರತಿ ವರ್ಷವೂ ಉತ್ತರ ಕೊಡುತ್ತಿದ್ದ, ಹಿಂದಿನ ಸೀಟಿನವರು ನಗುತ್ತಿದ್ದರು. ಈ ವರ್ಷ ಮೇಷ್ಟ್ರು ತಮ್ಮ ಮಾತು ಹೇಳಿ ಕಾದರು. ಅಮೀರ್‌ಜಾನ್ ಸ್ಟೇರಿಂಗಿನ ಮೇಲೆ ಬಾಗಿ ರಸ್ತೆಯನ್ನೇ ದಿಟ್ಟಿಸುತ್ತಿದ್ದ.

ಅವನಿಗೆ ಐವತ್ತೆಂಟು. ಈ ದಾರಿಯಲ್ಲಿ ಬಸ್ಸು ಓಡಿಸಲು ಶುರುಮಾಡಿ ಮೂವತ್ತೊಂದು ವರ್ಷ. ಒಂದು ನಾಯಿಯ ಮೇಲೂ ಗಾಡಿ ಹಾಯಿಸಿದವನಲ್ಲ ಎಂಬ ಹೆಸರಿತ್ತು. ಕಣ್ಣು ಮಸುಕಾಗಿದ್ದು ಹೋದ ಚಳಿಗಾಲದಲ್ಲಿ. ಆಗ ಅದನ್ನು ಮಂಜು ಎಂದುಕೊಂಡ. ಯುಗಾದಿಯ ಹೊತ್ತಿಗೆ ಮಂಜು ಹೋಯಿತು, ಬಿಳುಪು ಉಳಿಯಿತು. ಬೇಸಿಗೆಯ ಧೂಳು ಎಂದುಕೊಂಡ, ಆಮೇಲೆ ಮಳೆಯ ಜಡಿ ಎಂದುಕೊಂಡ. ಒಂದೊಂದು ಕಾಲವೂ ಒಂದೊಂದು ನೆಪ ಕೊಟ್ಟು ಹೋಯಿತು. ಚಳಿಗಾಲ ತಿರುಗಿ ಬಂದಾಗ ಅವನಿಗೆ ಒಳಗೊಳಗೇ ಸಮಾಧಾನವಾಗಿತ್ತು. ಈಗ ಮಂಜಿನಲ್ಲಿ ಯಾರಿಗೂ ಸರಿಯಾಗಿ ಕಾಣುವುದಿಲ್ಲ.

ಲೈಸೆನ್ಸಿಗೆ ವೈದ್ಯರ ಸರ್ಟಿಫಿಕೇಟು ಬೇಕಾದಾಗ ಅವನು ಹೊರಗಿನ ಬೆಂಚಿನಲ್ಲಿ ಕೂತು, ತನಗಿಂತ ಮುಂದೆ ಹೋದ ನಾಲ್ವರು ಗೋಡೆಯ ಅಕ್ಷರಗಳನ್ನು ಓದುವುದನ್ನು ಕೇಳಿಸಿಕೊಂಡ. ತನ್ನ ಸರದಿ ಬಂದಾಗ ಕೊನೆಯ ಸಾಲಿನವರೆಗೂ ಸರಾಗವಾಗಿ ಒಪ್ಪಿಸಿದ. ಸ್ಕೂಲಿನಲ್ಲಿ ಒಂದು ಪದ್ಯವನ್ನೂ ಬಾಯಿಪಾಠ ಮಾಡದವನು. ಹೆಂಡತಿ ನೂರ್‌ಜಹಾನ್ ಎರಡು ಸಲ, ಪೊರೆ ಬಂದಿರಬೇಕು, ಕಣ್ಣಿನ ಡಾಕ್ಟರ ಹತ್ತಿರ ಹೋಗೋಣವೆಂದಳು. ಎರಡು ಸಲವೂ ಅವನು ಅವಳ ಮೇಲೆ ರೇಗಿದ. ಆಪರೇಷನ್ನಿಗೆ ಅವನು ಹೆದರಿದ್ದಲ್ಲ. ಆ ಸೀಟಿನಲ್ಲಿ ಕೂತಿರುವಷ್ಟು ಹೊತ್ತು ಜನ ಅವನನ್ನು ಡ್ರೈವರ್ ಸಾಬ್ರು ಎನ್ನುತ್ತಿದ್ದರು. ಕೆಳಗಿಳಿದು ನಡೆದರೆ ಬರೀ ಮುದುಕ ಎಂದುಬಿಡುತ್ತಾರೆ ಎಂಬ ಭಯ.

ದಾರಿ ಅವನಿಗೆ ಮೈಗೇ ಗೊತ್ತಿತ್ತು. ಎಲ್ಲಿ ಸ್ಟೇರಿಂಗು ಎಡಕ್ಕೆ ಎಳೆಯುತ್ತದೆ, ಯಾವ ತಿರುವಿನಲ್ಲಿ ಹಾರ್ನ್ ಹಾಕಬೇಕು, ಎಲ್ಲಿ ಸೀಟಿನ ಕೆಳಗೆ ತಗಡು ನಡುಗುತ್ತದೆ, ಎಲ್ಲವೂ. ಹುಣಸೆಮರದ ಸ್ಟಾಪು ಬರುವುದು ಸೇತುವೆಯ ಇಳಿಜಾರು ದಾಟಿದ ಮೇಲೆ. ಮರವನ್ನು ರಸ್ತೆ ಅಗಲ ಮಾಡುವಾಗ ಕಡಿದುಹಾಕಿ ಎರಡು ವರ್ಷವಾಗಿತ್ತು, ಹೆಸರು ಮಾತ್ರ ನಿಂತಿತ್ತು. ಇಳಿಜಾರು ಮುಗಿಸಿ, ಮೂರನೇ ಗೇರಿಗೆ ಹಾಕಿ, ಮನಸ್ಸಿನಲ್ಲಿ ಎಂಟು ಎಣಿಸಿ ಬ್ರೇಕು ಒತ್ತಿದರೆ ಬಸ್ಸು ಸರಿಯಾಗಿ ಅಲ್ಲೇ ನಿಲ್ಲುತ್ತಿತ್ತು. ಆ ದಿನವೂ ಎಂಟು ಎಣಿಸಿದ. ಬ್ರೇಕು ಒತ್ತಿದ. ನಿಂತಿತು.

ಯಾರೂ ಹತ್ತಲಿಲ್ಲ. ಕೆಂಚೇಶ ಬಾಗಿಲು ತೆಗೆದು ಮಂಜಿನೊಳಗೆ ನೋಡಿದ. ಆಗ ಬಸ್ಸಿನ ಮುಂಭಾಗವನ್ನು ಯಾರೋ ಅಂಗೈಯಿಂದ ತಟ್ಟಿದ ಸದ್ದಾಯಿತು.

ಬೂದು ಕಂಬಳಿ ಹೊದ್ದ ಒಂದು ಆಕಾರ ಗಾಜಿನ ಕೆಳಗಿನಿಂದ ಎದ್ದಂತೆ ಕಂಡು, ಬಸ್ಸಿನ ಮೂತಿಯನ್ನು ಬಳಸಿಕೊಂಡು ಡ್ರೈವರನ ಕಿಟಕಿಯ ಹತ್ತಿರ ಬಂತು. ತಲೆಯ ಮೇಲೆ ತೆಂಗಿನಕಡ್ಡಿ ಪೊರಕೆಗಳ ಹೊರೆ. ಓಬವ್ವ. ಗರಿ ಸೀಳಿ ಪೊರಕೆ ಕಟ್ಟಿ ಚನ್ನಗಿರಿಯಲ್ಲಿ ಮಾರುವ ಮುದುಕಿ, ಇಪ್ಪತ್ತು ವರ್ಷದಿಂದ ಇದೇ ಸ್ಟಾಪಿನಲ್ಲಿ ಹತ್ತುವವಳು.

"ನೀನಾಗಿದ್ಕೆ ನಿಲ್ಸಿದಿ ಅಮೀರ" ಎಂದಳು ಮೇಲೆ ಮುಖ ಮಾಡಿ. "ಈ ಮಂಜಿನಾಗೆ ನಿಲ್ಸದೇ ಹೋಗ್ಬಿಡ್ತೀಯೇನೋ ಅಂತ ರಸ್ತೆ ನಡುವ್ಕೇ ಬಂದು ನಿಂತಿದ್ದೆ. ಬ್ಯಾರೆಯೋನಾಗಿದ್ರೆ ನನ್ನ ಹೊಸಕಿ ಹಾಕ್ತಿದ್ದ. ನಿನ್ನ ಕಣ್ಣು ತಣ್ಣಗಿರ್ಲಪ್ಪ."

ಅವಳು ಹಿಂದಿನ ಬಾಗಿಲಿಗೆ ಹೋಗಿ ಹತ್ತಿದಳು. ಕೆಂಚೇಶ ಸೀಟಿ ಊದಿದ. ಬಸ್ಸು ಹೊರಡಲಿಲ್ಲ. ಇನ್ನೊಮ್ಮೆ ಊದಿದ. ಅಮೀರ್‌ಜಾನನ ಕೈ ಗೇರಿನ ಮೇಲಿತ್ತು, ಆದರೆ ತನ್ನದಲ್ಲವೆಂಬಂತೆ ಸುಮ್ಮನಿತ್ತು. ಅವನು ಎಂಜಿನ್ ಆಫ್ ಮಾಡಿ ಕೆಳಗಿಳಿದ.

ಮುಂದೆ ಹೋಗಿ ನೋಡಿದ. ಹೊರೆಯಿಂದ ಉದುರಿದ ನಾಲ್ಕೈದು ಕಡ್ಡಿಗಳು ಒದ್ದೆ ಟಾರಿನ ಮೇಲೆ ಬಿದ್ದಿದ್ದವು. ಅವನ್ನೂ ಕಂಡದ್ದಲ್ಲ, ಕೂತು ಕೈಯಾಡಿಸಿದಾಗ ಸಿಕ್ಕಿದವು. ಅಲ್ಲಿಂದಲೇ ಇನ್ನೊಂದು ಕೈ ಚಾಚಿದ. ಬೆರಳು ಬಂಪರಿಗೆ ತಾಗಿತು. ಅಷ್ಟೇ ಅಂತರ.

ಬಸ್ಸಿನಿಂದ ಯಾರೋ ಏನಾಯಿತೆಂದು ಕೂಗಿದರು. ಎಂಜಿನ್ ಕಾದಿದೆ ಎಂದುಬಿಟ್ಟ. ಅಷ್ಟು ಚಳಿಯಲ್ಲಿ ಅದನ್ನು ಕೇಳಿದವರಿಗೆ ಆಶ್ಚರ್ಯವಾಗಿರಬೇಕು. ಐದು ನಿಮಿಷ, ಹತ್ತು ನಿಮಿಷ ಕಳೆಯಿತು. ಗೊಣಗಾಟ ಶುರುವಾಯಿತು. ಅಕ್ಷಿತಾ ಎಂಬ ಕಾಲೇಜಿನ ಹುಡುಗಿಗೆ ದಾವಣಗೆರೆಯಲ್ಲಿ ಪರೀಕ್ಷೆಯಿತ್ತು, ಅವಳು ಅಳುವ ಹಾಗಾಗಿದ್ದಳು. ಕೆಂಚೇಶ ಇಳಿದು ಬಂದು ರೇಡಿಯೇಟರಿನ ಮೇಲೆ ಕೈಯಿಟ್ಟು ನೋಡಿದ. ತಣ್ಣಗಿತ್ತು. ಅವನು ಪಕ್ಕಕ್ಕೆ ಬಂದು ದನಿ ತಗ್ಗಿಸಿದ.

"ನಿಧಾನಕ್ಕೆ ಹೋಗಾಣ ಭಾಯ್. ನಾ ಮುಂದಿನ ಬಾಗ್ಲಾಗೆ ನಿಂತು ಹೇಳ್ತಾ ಇರ್ತೀನಿ. ಸ್ವಲ್ಪ ಹೊತ್ತಿಗೆ ಬಿಸ್ಲು ಬರ್ತೈತೆ."

ಅಂದರೆ ಇವನಿಗೆ ಗೊತ್ತಿತ್ತು. ಎಷ್ಟು ದಿನದಿಂದ ಎಂದು ಅಮೀರ್‌ಜಾನ್ ಕೇಳಲಿಲ್ಲ. ಮಾತು ಸರಿಯಾಗಿಯೇ ಇತ್ತು. ಬಿಸಿಲು ಬರುತ್ತದೆ, ಚನ್ನಗಿರಿ ಮುಟ್ಟಬಹುದು, ನಾಳೆ ಹೇಗೋ, ಸಂಕ್ರಾಂತಿ ಕಳೆದರೆ ಮಂಜೂ ಕಡಿಮೆ. ಅವನು ಸೀಟಿನ ಕಡೆಗೆ ನಾಲ್ಕು ಹೆಜ್ಜೆ ಹೋಗಿಯೂ ಹೋದ. ಒಳಗೆ ಓಬವ್ವ ಜೋರು ದನಿಯಲ್ಲಿ ಜನರನ್ನು ಗದರಿಸುತ್ತಿದ್ದಳು. ಪಾಪ ಅವನನ್ನು ಯಾಕೆ ಅನ್ನುತ್ತೀರಿ, ಇಂಥ ಮಂಜಿನಲ್ಲೂ ದೂರದಿಂದ ನನ್ನನ್ನು ಕಂಡು ನಿಲ್ಲಿಸಿದವನು, ಅವನದು ಹದ್ದಿನ ಕಣ್ಣು ಎನ್ನುತ್ತಿದ್ದಳು.

ಅಮೀರ್‌ಜಾನ್ ತಿರುಗಿ ಹಿಂದಿನ ಬಾಗಿಲಿಂದ ಹತ್ತಿ ಅವಳ ಸೀಟಿನ ಹತ್ತಿರ ಬಂದು ನಿಂತ.

"ಅವ್ವ, ನಾನು ನಿನ್ನ ನೋಡ್ಲಿಲ್ಲ."

"ಏನಪ್ಪ?" ಎಂದಳು ಓಬವ್ವ.

ಎರಡನೇ ಸಲ ಅದನ್ನು ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಬೇಕಾಯಿತು. "ನಿನ್ನ ನೋಡಿ ನಿಲ್ಸಿದ್ದಲ್ಲವ್ವ. ಸ್ಟಾಪು ಅಂತ ನಿಲ್ಸಿದ್ದು. ನೀನು ಇನ್ನೆರಡು ಹೆಜ್ಜೆ ಈಚೆ ನಿಂತಿದ್ರೆ ಮೇಲೇ ಹೋಗ್ತಿತ್ತು. ನನ್ಗೆ ಕಣ್ಣು ಕಾಣ್ತಿಲ್ಲ. ಒಂದು ವರ್ಷ ಆಯ್ತು."

ಚಿಕ್ಕಹನುಮಂತಪ್ಪ ಮೇಷ್ಟ್ರು ಮಂಕಿ ಕ್ಯಾಪನ್ನು ಕಿವಿಯಿಂದ ಮೇಲೆ ಸರಿಸಿದರು.

"ನಾನು ದಿನಾ ಮುಂದಿನ ಸೀಟ್ನಾಗೇ ಕೂರ್ತಿದ್ನಲ್ಲಯ್ಯ" ಎಂದರು.

ಬೇರೆ ದಿನವಾಗಿದ್ದರೆ ಜನ ನಗುತ್ತಿದ್ದರು. ಹಿಂದಿನಿಂದ ಒಬ್ಬ ಎದ್ದು, ನಲವತ್ತು ಜನರ ಜೀವದ ಜೊತೆ ಒಂದು ವರ್ಷ ಆಟವಾಡಿದ್ದೀಯಲ್ಲ, ನಿನಗೆ ಮಕ್ಕಳು ಮರಿ ಇಲ್ಲವೇ ಎಂದು ಬೈದ. ಅಮೀರ್‌ಜಾನ್ ಕಂಬಿ ಹಿಡಿದು ನಿಂತು ಪೂರ್ತಿ ಕೇಳಿಸಿಕೊಂಡ. ಬೈದವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆಮೇಲೆ ಕೆಳಗಿಳಿದು ಬಸ್ಸಿನ ಮಾಲೀಕ ಜಯಪ್ಪನಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಒಂದು ಕಾಲಕ್ಕೆ ತಾನೂ ಡ್ರೈವರಾಗಿದ್ದ ಜಯಪ್ಪ, ಬೇರೆ ಡ್ರೈವರನನ್ನು ಬೈಕಿನಲ್ಲಿ ಕಳಿಸುತ್ತೇನೆ, ಗಾಡಿ ಮುಟ್ಟಬೇಡಿ ಎಂದ. ಕೊನೆಗೆ, "ಪೊರೆ ತೆಗಿಸ್ಕೊಳ್ರಿ ಮೊದ್ಲು. ಆಮೇಲೆ ನೋಡಾಣ" ಎಂದ. ಆಮೇಲೆ ನೋಡೋಣ ಎಂಬುದಕ್ಕೆ ಏನರ್ಥವೆಂದು ಅಮೀರ್‌ಜಾನನಿಗೆ ಗೊತ್ತಿತ್ತು. ಹಳೇ ಡ್ರೈವರುಗಳನ್ನು ಕೆಲಸದಿಂದ ಬಿಡಿಸುವಾಗ ಹೇಳುವ ಮಾತು ಅದು.

ಕೆಂಚೇಶ ಚನ್ನಗಿರಿ ಕಡೆಗೆ ಹೊರಟಿದ್ದ ಒಂದು ಕಾರಿಗೆ ಕೈ ಅಡ್ಡ ಹಾಕಿ ಅಕ್ಷಿತಾಳನ್ನು ಹತ್ತಿಸಿದ. ಮುಕ್ಕಾಲು ಗಂಟೆಯ ನಂತರ ಮುಬಾರಕ್ ಬಂದ. ಅಮೀರ್‌ಜಾನನೇ ಸ್ಟೇರಿಂಗು ಹಿಡಿಯುವುದನ್ನು ಕಲಿಸಿದ ಹುಡುಗರಲ್ಲಿ ಒಬ್ಬ, ಈಗ ಇಬ್ಬರು ಮಕ್ಕಳ ತಂದೆ. ಅವನು ಡ್ರೈವರ್ ಬಾಗಿಲ ಹತ್ತಿರ ನಿಂತು ಹತ್ತಲು ಹಿಂಜರಿದ. ಅಮೀರ್‌ಜಾನ್ ಅವನ ಅಂಗೈಯಲ್ಲಿ ಕೀಲಿ ಇಟ್ಟು, ಬೆರಳು ಮಡಚಿ, ಬೆನ್ನು ತಟ್ಟಿದ. ಎರಡನೇ ಗೇರು ಸ್ವಲ್ಪ ಬಿಗಿ, ಬಲವಂತ ಮಾಡಬೇಡ ಎಂದಷ್ಟೇ ಹೇಳಿದ.

ಖಾಲಿ ಇದ್ದದ್ದು ಅಕ್ಷಿತಾ ಬಿಟ್ಟುಹೋದ, ಓಬವ್ವನ ಪಕ್ಕದ ಜಾಗ. ಅವನು ಅಲ್ಲಿ ಮುದುಡಿ ಕೂತ. ಬಸ್ಸು ಹೊರಟಿತು. ಪ್ರತಿ ತಿರುವಿನಲ್ಲೂ ಅವನ ಬಲಗಾಲು ತಾನಾಗಿ ಕೆಳಗಿನ ತಗಡನ್ನು ಒತ್ತುತ್ತಿತ್ತು. ಓಬವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಸಿಟ್ಟಾಗಿದ್ದಾಳೆ, ಆಗಲೇಬೇಕು ಎಂದುಕೊಂಡ.

"ಹೇಳ್ದೇ ಇದ್ದಿದ್ರೆ ಯಾರ್ಗೂ ಗೊತ್ತಾಗ್ತಿರ್ಲಿಲ್ಲ" ಎಂದಳು ಆಮೇಲೆ.

ಅವನು ತಲೆಯಾಡಿಸಿದ.

ಅವಳು ಹಿಂದೆ ಮುಂದೆ ನೋಡಿ ಅವನ ಕಡೆಗೆ ಬಾಗಿದಳು. "ನನ್ಗೂ ಕಿವಿ ಕೇಳಿಸ್ತಿಲ್ಲಪ್ಪ. ಬಸ್ ಬಂದದ್ದು ಗೊತ್ತಾಗ್ದೇ ಎರಡು ದಿನ ತಪ್ಪೋಯ್ತು. ಅದ್ಕೇ ಇವತ್ತು ನಡುವ್ಕೆ ನಿಂತಿದ್ದು. ಮಗಳಿಗೆ ಹೇಳಿದ್ರೆ ಪೇಟೆಗೆ ಹೋಗಾಕೆ ಬಿಡಾಕಿಲ್ಲ ಅಂತ ಸುಮ್ನಿದೀನಿ."

ಗುಟ್ಟೆಂದು ಅವಳು ಹೇಳಿದ್ದು ಮೊದಲ ಸೀಟಿನವರೆಗೂ ಕೇಳಿಸಿತು. ಮೇಷ್ಟ್ರು ತಿರುಗಿ ನೋಡಿ, ಮತ್ತೆ ಮುಂದಕ್ಕೆ ತಿರುಗಿದರು. ಅಮೀರ್‌ಜಾನ್ ಏನು ಹೇಳಿದರೂ ಕೂಗಿ ಹೇಳಬೇಕು. ಅವಳ ಕಾಲ ಬಳಿಯಿದ್ದ ಹೊರೆ ಜಾರುತ್ತಿತ್ತು. ಅದನ್ನು ಎಳೆದು ತನ್ನ ಮೊಣಕಾಲಿಗೆ ಒರಗಿಸಿಕೊಂಡ.

ಚನ್ನಗಿರಿಯಲ್ಲಿ ಬಿಸಿಲು ಬಿದ್ದಿತ್ತು. ಅವನು ಮೊದಲು ಇಳಿದು ಹೊರೆಯನ್ನು ಅವಳ ತಲೆಗೆ ಎತ್ತಿಕೊಟ್ಟ. ಇಷ್ಟು ವರ್ಷ ಇಲ್ಲಿ ಅವಳಿಗೆ ಯಾರು ಎತ್ತಿಕೊಡುತ್ತಿದ್ದರೋ ಅವನಿಗೆ ತಿಳಿಯದು. ಅವನು ಸೀಟು ಬಿಟ್ಟು ಇಳಿಯುತ್ತಿರಲಿಲ್ಲ. ಓಬವ್ವ ಕುತ್ತಿಗೆಯನ್ನು ಹದಕ್ಕೆ ತಂದುಕೊಂಡು, "ನಾಳೆ ಮಗಳಿಗೆ ಹೇಳ್ತೀನಿ" ಎಂದಳು. ತುಸು ಯೋಚಿಸಿ, "ಸಂಕ್ರಾಂತಿ ಆಗ್ಲಿ" ಎಂದು ತಿದ್ದಿಕೊಂಡು ಹೋದಳು.

ಬಸ್‌ಸ್ಟ್ಯಾಂಡಿನಿಂದ ಅದೇ ಊರಿನಲ್ಲಿದ್ದ ಅವನ ಮನೆಗೆ ಹತ್ತು ನಿಮಿಷದ ದಾರಿ. ಆ ಹೊತ್ತಿನಲ್ಲಿ ಅವನು ಅಲ್ಲಿ ನಡೆದದ್ದೇ ಕಡಿಮೆ. ಒಂದಿಬ್ಬರು ಸಲಾಂ ಹೇಳಿದರು. ಮುಖ ತಿಳಿಯದಿದ್ದರೂ ಎಲ್ಲರಿಗೂ ತಿರುಗಿ ಹೇಳಿದ.

ನೂರ್‌ಜಹಾನ್ ಮನೆಯ ಮುಂದೆ ಚಾಪೆ ಹಾಸಿಕೊಂಡು, ಬಿಸಿಲಿಗೆ ಬೆನ್ನು ಕೊಟ್ಟು ಅವರೆಕಾಯಿ ಸುಲಿಯುತ್ತಿದ್ದಳು. ಒಂಬತ್ತು ಗಂಟೆಗೆ ಬಂದ ಗಂಡನನ್ನು ನೋಡಿ ಅವಳ ಕೈ ನಿಂತಿತು. ಅವನು ಚಪ್ಪಲಿ ಬಿಟ್ಟು, ಡಾಕ್ಟರ ಹತ್ತಿರ ಯಾವತ್ತು ಹೋಗೋಣ ಎಂದು ಕೇಳಿದ. ಅವಳು ಅವನ ಮುಖವನ್ನೇ ನೋಡಿದಳು. ನಾಳೆಯೇ ಹೋಗೋಣ ಎಂದು ಚಾಪೆಯ ಮೇಲೆ ಪಕ್ಕಕ್ಕೆ ಸರಿದಳು.

ಅಮೀರ್‌ಜಾನ್ ಕೂತು ಮೊರಕ್ಕೆ ಕೈ ಹಾಕಿದ. ಕಾಯಿಯ ಬೆನ್ನನ್ನು ಹೆಬ್ಬೆರಳಿನಿಂದ ಸವರಿ, ಒತ್ತಿ, ಕಾಳು ಬಿಡಿಸಿದ. ಬಲಿತದ್ದು ಯಾವುದು, ಎಳೆಯದು ಯಾವುದು ಎಂದು ಬೆರಳಿಗೇ ತಿಳಿಯುತ್ತಿತ್ತು. ಅವರೆಯ ಸೊಗಡು ಇಬ್ಬರ ಕೈಗೂ ಅಂಟಿತು. ಸ್ವಲ್ಪ ಹೊತ್ತಿನಲ್ಲಿ ಎದುರು ಮನೆಯ ನೆರಳು ಚಾಪೆಯ ಅಂಚಿಗೆ ಬಂತು. ಅವರಿಬ್ಬರೂ ಎದ್ದು, ಆಚೆಗೊಬ್ಬರು ಈಚೆಗೊಬ್ಬರು ಚಾಪೆಯನ್ನು ಕಾಳು ಚೆಲ್ಲದ ಹಾಗೆ ಹಿಡಿದು, ಬಿಸಿಲಿಗೆ ಎಳೆದುಕೊಂಡರು.