ವರಮಹಾಲಕ್ಷ್ಮಿ ಸ್ಪೆಷಲ್

"ಥೂ ನಿನ್ನ! ಹೆಣ ನಿಲ್ಸ್ದಂಗೆ ನಿಂತವ್ಳೆ ನೋಡು. ಕುಂಕುಮಕ್ಕೆ ಬಂದಿರೋ ಗೃಹಿಣಿ ಕಣೇ ನೀನು, ನಗು!"

ಕ್ಯಾಮೆರಾ ಹಿಂದಿನಿಂದ ಚಂದ್ರು ಕಿರುಚಿದ. ರೂಪಶ್ರೀ ನಕ್ಕಳು. ಕಳಸದ ಮುಂದೆ ದೀಪ ಉರಿಯುತ್ತಿತ್ತು. ಪಕ್ಕದಲ್ಲೇ ಮಂಚ.

ಹಿಂದೆ ಅವಳು ಆರ್ಕೆಸ್ಟ್ರಾದವರ ಜೊತೆ ಗಣೇಶನ ಪೆಂಡಾಲುಗಳಲ್ಲಿ ಕುಣಿಯುತ್ತಿದ್ದಳು. ಚಂದ್ರು ಅವಳನ್ನು ಹಿಡಿದದ್ದು ಅಲ್ಲೇ. ಅವನದು ಮೊಬೈಲಿನಲ್ಲಿ ನೀಲಿ ಚಿತ್ರ ತೋರಿಸುವ ಆ್ಯಪ್. ಸಂಕ್ರಾಂತಿಗೆ ಎಳ್ಳು ಬೀರಲು ಬಂದ ಪಕ್ಕದ ಮನೆಯವಳು, ಯುಗಾದಿಗೆ ಎಣ್ಣೆಸ್ನಾನ, ಹೀಗೆ ಹಬ್ಬ ಬಂತೆಂದರೆ ಒಂದು ಚಿತ್ರ. ಜನ ಹಬ್ಬದ ಹೆಸರು ಹಾಕಿಯೇ ಹುಡುಕುತ್ತಿದ್ದರು.

"ಕಳಸ ಒಂದ್ ತಗ್ಸಣ್ಣ. ನಮ್ಮವ್ವನೂ ಇದ್ಕೇ ಕೈಮುಗಿಯೋದು."

"ಕಳಸ ತಗುದ್ರೆ ನಿನ್ನ ಯಾವ್ ಬೋಳಿಮಗ ನೋಡ್ತಾನೆ? ನಕ್ರಾ ಮಾಡುದ್ರೆ ಹಳೇವೆಲ್ಲ ನಿಮ್ಮೂರ್ ಗ್ರೂಪಿಗೆ ಹಾಕ್ತೀನಿ. ನಿಮ್ಮವ್ವ ಹಬ್ಬ ಮಾಡ್ಲಿ."

ಮುಂದಿನದನ್ನೆಲ್ಲ ರೂಪಶ್ರೀ ಮೇಲಿನ ತೊಲೆ ನೋಡುತ್ತಾ ಮುಗಿಸಿದಳು.

ಮಾರ್ಕೋನಹಳ್ಳಿಯ ಆ ತೋಟದ ಮನೆ ಅವಳಿಗೆ ಹೊಸದಲ್ಲ. ಅಪ್ಪ ಚೌಡಪ್ಪ ಅದರ ಅಂಗಳದಲ್ಲಿ ಕಾಯಿ ಸುಲಿದು ಸುಲಿದೇ ಸತ್ತಿದ್ದ. ಹೊಸ್ತಿಲು ದಾಟಿರಲಿಲ್ಲ. ಮನೆಯ ಮಗ ಜಯಪ್ರಕಾಶ್, ತಾಯಿ ಲಕ್ಷ್ಮೀದೇವಮ್ಮ ಹಬ್ಬದ ಸಾಮಾನಿಗೆ ತುಮಕೂರಿಗೆ ಹೋದ ಹೊತ್ತು ನೋಡಿ ಚಂದ್ರುವಿಗೆ ಮನೆ ಬಿಟ್ಟುಕೊಟ್ಟಿದ್ದ. ತಾಯಿಯ ರೇಷ್ಮೆ ಸೀರೆಯನ್ನೂ ಕೊಟ್ಟಿದ್ದ. ತಾನೂ ಕುರ್ಚಿ ಹಾಕಿಕೊಂಡು ನೋಡುತ್ತಿದ್ದ.

ಅವಳು ಸೀರೆ ಸುತ್ತಿಕೊಂಡು, ಮುಖದ ಬಣ್ಣ ತೊಳೆದು ಬಂದಾಗ ಅವನ ಕಣ್ಣು ಕಿರಿದಾಯಿತು.

"ಏಯ್, ನೀನು ಚೌಡಪ್ಪನ್ ಮಗಳಲ್ವೇನೇ?"

ರೂಪಶ್ರೀ ಹೌದೆಂದು ತಲೆಯಾಡಿಸಿದಳು.

"ಲೇ ಚಂದ್ರು, ಮೊದ್ಲೇ ಬೊಗಳಕ್ಕೇನ್ಲಾ ಆಗಿತ್ತು? ಈ ಜಾತಿಯೋಳ್ನ ನಡುಮನೆಗೆ ಬುಟ್ಟಿದೀಯಲ್ಲ! ನಾಳೆ ಅಮ್ಮ ಇಲ್ಲೇ ಲಕ್ಷ್ಮಿ ಕೂರಿಸ್ಬೇಕು." ಅವಳತ್ತ ಬಕೆಟ್ ಒದ್ದ. "ನೆಲ ತೊಳ್ದು ಹಿತ್ಲಾಗೆ ಹೋಗು. ಗಂಜಲ ನಾನ್ ಹಾಕ್ಕೋತೀನಿ."

ರೂಪಶ್ರೀ ಬಕೆಟ್ ಮುಟ್ಟಲಿಲ್ಲ. ತಲೆಬಾಗಿಲಿನಿಂದಲೇ ಹೊರಬಂದು ಜಗಲಿಯ ಮೇಲೆ ಕುಳಿತಳು. ಹೋಗುವುದೆಲ್ಲಿಗೆ? ಎದುರಿಗೇ ಅವಳ ಊರು.

ಅಷ್ಟರಲ್ಲಿ ಕಾರು ಬಂತು. ಲಕ್ಷ್ಮೀದೇವಮ್ಮ ಹೂವಿನ ಬುಟ್ಟಿ ಹಿಡಿದು ಇಳಿದರು.

"ಯಾರಮ್ಮಾ? ಕುಂಕುಮಕ್ಕೆ ನಾಳೆ ಅಲ್ವಾ ಕರ್ದಿರೋದು?"

"ಚೌಡಪ್ಪನ್ ಮಗಳು ಕಣ್ರಮ್ಮ. ನಿಮ್ಮ ನಡುಮನೇಲಿ ಕಳಸ ಮಡಗಿ, ನನ್ನ ಬತ್ತಲೆ ಪಿಚ್ಚರ್ ತೆಗುದ್ರು. ನಿಮ್ ಮಗ ಕುಂತ್ಕಂಡ್ ನೋಡುದ್ರು."

ಜಯಪ್ರಕಾಶ್ ಬಾಗಿಲಿಗೆ ಬಂದ. ಲಕ್ಷ್ಮೀದೇವಮ್ಮ ಮಗನನ್ನು ನೋಡಿದರು. ಆಮೇಲೆ ಅವರ ಕಣ್ಣು ಸೀರೆಯ ಅಂಚಿನ ಮೇಲೆ ಬಿತ್ತು.

"ಅದು ನನ್ ಸೀರೆ. ಬಿಚ್ಚಿಟ್ಟು ಹೋಗು."

"ಬೆಳಗಿಂದ ಬಿಚ್ಚಿವ್ನಿ. ಇನ್ ಬಿಚ್ಚಕಿಲ್ಲ."

ಡ್ರೈವರ್ ಹತ್ತಿರ ಬಂದ. ರೂಪಶ್ರೀ ಸೆರಗನ್ನು ಮುಷ್ಟಿಗೆ ಸುತ್ತಿ ಕಂಬ ತಬ್ಬಿಕೊಂಡಳು. ಅವನು ಎಳೆದ. ಅವಳು ಬಿಡಲಿಲ್ಲ.

"ಒಸಿ ಪಕ್ಕಕ್ಕೆ ಬನ್ನಿ ಅಣ್ಣ," ಒಳಗಿನಿಂದ ಚಂದ್ರುವಿನ ದನಿ ಬಂತು. ಜಯಪ್ರಕಾಶನ ಹೆಗಲ ಮೇಲಿಂದ ಅವನ ಕ್ಯಾಮೆರಾ ಅವಳತ್ತ ತಿರುಗಿತ್ತು.