ಗ್ರಂಥಾಲಯದ ಗಾಲಿಕುರ್ಚಿ

ಮಿರ್ತಾಗೆ ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ತಾನು ಕೆಲಸ ಮಾಡುವ ಗ್ರಂಥಾಲಯದ ಪುಸ್ತಕ ಒರೆಸುತ್ತಾಳೆ, ಎಲ್ಲೋ ಇಡುತ್ತಾಳೆ, ಮತ್ತೆ ಅದನ್ನೇ ಹುಡುಕುತ್ತಾಳೆ. ಸೊಂಟ ಮುರಿದುಕೊಂಡಿದ್ದ ಅಮ್ಮ ನಾಳೆ ಆಸ್ಪತ್ರೆಯಿಂದ ಬರುತ್ತಾಳೆ. ಬಂದವಳು ಹಾಸಿಗೆಯಲ್ಲೇ ಬಿದ್ದಿರಬೇಕೋ, ಇಲ್ಲ ಗ್ರಂಥಾಲಯದಲ್ಲಿ ಊರವರು ಸೇರಿ ಗಟ್ಟಿಯಾಗಿ ಓದುವ ಸಂಜೆಯ ಓದಿಗೆ ಬಂದು ಓದುವವರ ತಪ್ಪು ಹುಡುಕುತ್ತ ಸುಖವಾಗಿರಬಹುದೋ ಅನ್ನುವುದು ಒಂದು ಗಾಲಿಕುರ್ಚಿಯ ಮೇಲೆ ನಿಂತಿತ್ತು.

ಅರ್ಜೆಂಟೀನಾದ ಆ ಪುಟ್ಟ ಊರಿಗೆ ಇದ್ದದ್ದು ಅದೊಂದೇ. ಊರವರೇ ಚಂದಾ ಎತ್ತಿ ನಡೆಸುವ ಗ್ರಂಥಾಲಯ ಕಾದಂಬರಿಗಳ ಜೊತೆಗೆ ಕೇಕಿನ ಅಚ್ಚು, ಊರುಗೋಲು, ಗಾಲಿಕುರ್ಚಿಯನ್ನೂ ಎರವಲು ಕೊಡುತ್ತಿತ್ತು. ಊರಿನ ಹಿರಿಯರಾದ ದೋನ್ ಅನ್ಸೆಲ್ಮೊ ಆ ಕುರ್ಚಿಯನ್ನು ಹೆಂಡತಿ ಸುಲೇಮಾಗಾಗಿ ಒಯ್ದಿದ್ದರು. ಸುಲೇಮಾ ತೀರಿಕೊಂಡು ಒಂದು ಚಳಿಗಾಲವೇ ಕಳೆದರೂ ಕುರ್ಚಿ ವಾಪಸು ಬಂದಿರಲಿಲ್ಲ. ಕೇಳಲು ಯಾರಿಗೂ ಬಾಯಿ ಬಂದಿರಲಿಲ್ಲ.

"ಬೇರೆಯವರಿಗೆ ಬೇಕಿದ್ರೆ ಇಷ್ಟೊತ್ತಿಗೆ ನೀನೇ ಹೋಗಿ ಕೇಳಿರ್ತಿದ್ದೆ," ಎಂದಳು ಜೊತೆ ಕೆಲಸದ ಕೋಕಾ. "ನಿಮ್ಮಮ್ಮನಿಗೆ ಅಂದ ತಕ್ಷಣ ನಾಲಿಗೆ ಬಿದ್ದುಹೋಯ್ತಾ?"

"ನಮ್ಮಮ್ಮನಿಗೆ ಅನ್ನೋದಕ್ಕೇ ಕಣೇ. ಊರು ಏನನ್ನುತ್ತೆ?"

"ಊರು ಈಗ ಗೊರಕೆ ಹೊಡೀತಿದೆ. ಹೋಗು, ನನ್ನ ತಲೆ ತಿನ್ನಬೇಡ."

ನಿಜಕ್ಕೂ ಊರಿಗೆ ಊರೇ ಬಾಗಿಲು ಹಾಕಿಕೊಂಡು ಮಧ್ಯಾಹ್ನದ ನಿದ್ದೆಯಲ್ಲಿತ್ತು. ಮಿರ್ತಾ ದೋನ್ ಅನ್ಸೆಲ್ಮೊರ ಗೇಟಿನ ಹೊರಗೆ ನಿಂತು, ಬಾಗಿಲು ಬಡಿಯುವ ಬದಲು ಅಲ್ಲಿಯ ವಾಡಿಕೆಯಂತೆ ಚಪ್ಪಾಳೆ ತಟ್ಟಿದಳು. ಅವರು ಎಚ್ಚರವಾಗಿಯೇ ಇದ್ದರು. ಒಳಗೆ ಕರೆದು ಚಹಾದಂಥ ಬಿಸಿ ಮಾಟೆ ತುಂಬಿದ ಸೋರೆಬುರುಡೆ ಕೈಗಿತ್ತರು. ಕಿಟಕಿಯ ಪಕ್ಕ ಕುರ್ಚಿ ಇತ್ತು, ಅದರ ಮೇಲೆ ಸುಲೇಮಾರ ಶಾಲು. ಮಿರ್ತಾ ಕೂತಳು, ಎದ್ದಳು, ಮತ್ತೆ ಕೂತಳು.

"ಏನಮ್ಮ, ಇರುವೆ ಕಚ್ಚಿದೋರ ಹಾಗೆ ಆಡ್ತಿದೀಯ? ಕುರ್ಚಿಗೆ ಬಂದೆಯಾ?"

"ಅಯ್ಯೋ, ಇಲ್ಲಪ್ಪ! ಪುಸ್ತಕ... ಸುಲೇಮಾ ಅವರ ಹತ್ತಿರ ಒಂದು ಪುಸ್ತಕ ಉಳಿದಿತ್ತು."

ಅಂಥ ಪುಸ್ತಕವೇ ಇರಲಿಲ್ಲ. ಮುದುಕ ಹುಡುಕತೊಡಗಿದರು. ಮಂಚದ ಕೆಳಗೆ ನೋಡಿದರು. ಆಮೇಲೆ, ಅಲ್ಲಿಯವರೆಗೆ ಮುಟ್ಟದೆ ಬಿಟ್ಟಿದ್ದ ಹೆಂಡತಿಯ ಬಟ್ಟೆಯ ಬೀರು ತೆಗೆದರು.

"ಸಿಗದಿದ್ರೆ ಬಿಡಿ, ದೋನ್ ಅನ್ಸೆಲ್ಮೊ."

"ಬಿಡೋದು ಹೇಗೆ? ನನ್ನ ಸುಲೇಮಾ ಯಾರ ಸಾಮಾನೂ ಇಟ್ಟುಕೊಂಡೋಳಲ್ಲ."

ಮಿರ್ತಾಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಏನೋ ನೆಪ ಹೇಳಿ ಗ್ರಂಥಾಲಯಕ್ಕೆ ಓಡಿ ಬಂದಳು. ಅಮ್ಮನಿಗೆ ಕುರ್ಚಿಯೂ ಇಲ್ಲ, ಸತ್ತವಳ ಮೇಲೆ ಇಲ್ಲದ ಅಪವಾದ ಬೇರೆ. ಕಿಟಕಿಗೂ ಬಾಗಿಲಿಗೂ ಓಡಾಡಿದಳು.

ಸಂಜೆಯ ಓದು ಶುರುವಾಗುವಾಗ ಹೊರಗೆ ಗಾಲಿಯ ಕಿರುಗುಟ್ಟುವ ಸದ್ದು ಕೇಳಿತು. ದೋನ್ ಅನ್ಸೆಲ್ಮೊ ಕುರ್ಚಿಯ ತುಂಬ ಪುಸ್ತಕ ಪೇರಿಸಿಕೊಂಡು ಬೆವರುತ್ತ ಬಂದರು.

"ನಿಮ್ಮದು ಯಾವುದೂ ಸಿಗಲಿಲ್ಲ. ಬದಲಿಗೆ ಮನೇಲಿದ್ದುದನ್ನೆಲ್ಲ ತಂದಿದೀನಿ. ಅವಳ ಹೆಸರಿಗೆ ಬಾಕಿ ಇರಬಾರದು."

ಮಿರ್ತಾಗೆ ತಡೆಯಲಾಗಲಿಲ್ಲ. ಎಲ್ಲರೆದುರೇ ಹೇಳಿಬಿಟ್ಟಳು. "ಪುಸ್ತಕ ಇರಲೇ ಇಲ್ಲ. ಸುಳ್ಳು ಹೇಳಿದೆ. ಕುರ್ಚಿಗೇ ಬಂದಿದ್ದೆ, ನಮ್ಮಮ್ಮನಿಗೆ."

ಮುದುಕನ ಮುಖ ಕೆಂಪೇರಿತು. "ಹಾಗಾದ್ರೆ ಸುಲೇಮಾ ಏನೂ ಇಟ್ಟುಕೊಂಡಿರಲಿಲ್ಲ?"

"ಏನೂ ಇಲ್ಲ."

"ಹೂಂ. ಇಟ್ಟುಕೊಂಡೋನು ನಾನು."

ಅವರು ಪುಸ್ತಕಗಳನ್ನು ಮೇಜಿಗೆ ಎತ್ತಿಟ್ಟು, ಅವುಗಳಡಿ ಕುರ್ಚಿಯಲ್ಲೇ ಇದ್ದ ಸುಲೇಮಾರ ಶಾಲನ್ನು ಹೆಗಲಿಗೆ ಹಾಕಿಕೊಂಡರು. ಮಿರ್ತಾ ಕುರ್ಚಿಗೆ ಕೈ ಚಾಚಿದಳು. ಅವರು ಹಿಡಿ ಬಿಡಲಿಲ್ಲ.

"ಇದು ಎಡಕ್ಕೆ ಎಳೆಯುತ್ತೆ, ನಿನಗೆ ತಳ್ಳೋಕೆ ಬರಲ್ಲ," ಎಂದರು. "ನಾಳೆ ನಿಮ್ಮಮ್ಮ ಎಷ್ಟೊತ್ತಿಗೆ ಬರ್ತಾರೆ ಹೇಳು. ನಾನೇ ತಳ್ಕೊಂಡು ಬರ್ತೀನಿ."