ಮರಳಿನ ಬಕೆಟ್ಟು

ಹೆಣಕ್ಕೆ ಹೊದಿಸಲು ಹೊಸ ಪಂಚೆ ಹುಡುಕುತ್ತ ಟ್ರಂಕು ಜಾಲಾಡುತ್ತಿದ್ದ ಅಳಿಯ ಜಗನ್ನಾಥ, ಅದರಲ್ಲಿ ಸಿಕ್ಕ ಪಿಸ್ತೂಲು ಹಿಡಿದುಕೊಂಡು ನಡುಮನೆಗೆ ಬಂದ. ಅಲ್ಲಿ ಮಾವ ಅಂಜಿನಯ್ಯನ ಹೆಣ, ತಲೆಯ ಬಳಿ ದೀಪ, ಸುತ್ತ ಗೋವಿಂದರಾಜನಗರದ ಅರ್ಧ ಬೀದಿ.

"ಇದನ್ನ ಸ್ಟೇಷನ್ನಿಗೆ ಒಪ್ಪಿಸ್ಬೇಕಲ್ಲ. ಕೆಂಚಪ್ಪ ಮಾಮ, ನೀವೇ ಇಟ್ಕೊಂಡಿರಿ," ಎಂದ. ಪಿಸ್ತೂಲಿನ ಮೂತಿ ಹೆಂಗಸರ ಮೇಲೆ ಹಾದು, ಗೋಡೆಗೊರಗಿ ಕೂತಿದ್ದ, ಮಾವನ ಮಿಲಿಟರಿ ಗೆಳೆಯ ಕೆಂಚಪ್ಪನ ಎದೆಗೆ ತಿರುಗಿತು.

ಹೆಣದ ಪಕ್ಕದಲ್ಲಿದ್ದ ನರಸಮ್ಮ ತಲೆಯೆತ್ತಿದಳು. "ಮೂತಿ ನೆಲಕ್ಕೆ ಮಾಡಿ."

"ಲಾಕ್ ಹಾಕಿದೀನಿ ಅತ್ತೆ. ಏನೂ ಆಗಲ್ಲ."

"ಗುಂಡಿನ ಮ್ಯಾಗಜೀನು ಬೇರೆ ಡಬ್ಬೀಲಿತ್ತಲ್ಲ?"

"ಒಟ್ಟಿಗೇ ಕೊಡೋಣ ಅಂತ ಒಳಗೆ ಸೇರಿಸ್ದೆ. ಮೇಲ್ಭಾಗ ಒಂದ್ಸಲ ಎಳೆದೂ ನೋಡ್ದೆ. ಚೆನ್ನಾಗಿದೆ."

ನರಸಮ್ಮ ಎದ್ದಳು. ನಾದಿನಿ ಶಿವಗಂಗಮ್ಮ ಸೆರಗು ಹಿಡಿದಳು. "ಅತ್ತಿಗೆ, ಹೆಣ ಎತ್ತೋವರ್ಗೂ ಏಳ್ಬಾರ್ದು. ನಮ್ಮಣ್ಣ ಹೋದ, ಅವನ ಪೆರೇಡು ಮಾತ್ರ ಹೋಗ್ಲಿಲ್ಲ!"

"ಬಿಡಮ್ಮ," ಎಂದಳು ನರಸಮ್ಮ.

*

ಅಂಜಿನಯ್ಯ ಮಿಲಿಟರಿಯಿಂದ ಬಂದು ಚಿನ್ನದಂಗಡಿ ಕಾವಲಿಗೆ ಸೇರಿದ ಮೇಲೆ ಮನೆಗೆ ಬಂದ ಪಿಸ್ತೂಲು ಅದು. ಆಯುಧಪೂಜೆಗೆ ಕುಂಕುಮವಿಡುವ ಮೊದಲು ಮೂತಿಯನ್ನು ಮರಳಿನ ಬಕೆಟ್ಟಿನ ಕಡೆ ಹಿಡಿದು, ಮ್ಯಾಗಜೀನು ತೆಗೆದು, ಮೇಲ್ಭಾಗ ಹಿಂದಕ್ಕೆಳೆದು, ಇಣುಕಿ, ಕಿರುಬೆರಳು ಹಾಕಿ ನೋಡುತ್ತಿದ್ದ. ಆಮೇಲೆ ಹೆಂಡತಿಯ ಕೈಗೆ. ಅವಳೂ ಅಷ್ಟನ್ನೂ ಮಾಡಬೇಕು.

"ಈಗ ತಾನೇ ನೀವು ನೋಡಿದ್ರಲ್ಲ? ಒಲೆ ಮೇಲೆ ಒಬ್ಬಟ್ಟು ಸೀದೋಗ್ತಿದೆ."

"ನಾನು ನೋಡಿದ್ದು ನನಗಾಯ್ತು. ಈಗ ಅದು ನಿನ್ನ ಕೈಲಿದೆ ಕಣೇ."

ಈ ಗಂಡಸಿಗೆ ತನ್ನ ಮೇಲೂ ನಂಬಿಕೆಯಿಲ್ಲ ಎಂದು ಅವಳಿಗೆ ವರ್ಷಗಟ್ಟಲೆ ಕುದಿ. ಎಂಬತ್ತೆರಡನೇ ಇಸವಿಯ ಹಬ್ಬದಲ್ಲಿ ಕೇಳಿಯೇಬಿಟ್ಟಳು. "ಲಾಕು ಅಂತ ಒಂದು ಮಾಡಿರೋದು ಯಾಕೆ ಮತ್ತೆ?"

ಅವನು ಬಕೆಟ್ಟಿನ ಮರಳನ್ನು ಬೆರಳಲ್ಲಿ ಸಮಮಾಡಿದ. "ಮಿಲಿಟರೀಲಿ ಕೆಂಚಪ್ಪನ ಕೈಗೆ ಕೊಡುವಾಗ ನಾನೂ ಹೇಳಿದ್ದೆ, ಲಾಕ್ ಹಾಕಿದೆ ಅಂತ."

ಕೆಂಚಪ್ಪ ಎಡಗಾಲೆಳೆದು ನಡೆಯುವುದನ್ನು ಅವಳು ಮದುವೆಯಾದಾಗಿನಿಂದ ನೋಡಿದ್ದಳು. ಯುದ್ಧದ ಗಾಯ ಎಂದುಕೊಂಡಿದ್ದಳು. ಅವತ್ತು ಒಬ್ಬಟ್ಟು ಸೀದೇಹೋಯಿತು.

*

ನರಸಮ್ಮ ಪಿಸ್ತೂಲು ಇಸಿದುಕೊಂಡು ಮೂಲೆಯ ಬಕೆಟ್ಟಿನ ಮುಂದೆ ಕೂತಳು. ಮೂತಿ ಮರಳಿನ ಕಡೆಗೆ. ಮ್ಯಾಗಜೀನು ಹೊರಗೆ. ಹೆಬ್ಬೆರಳು ಲಾಕಿನ ಮೇಲೆ.

"ಅತ್ತೆ! ಲಾಕ್ ಯಾಕೆ ತೆಗೀತೀರಿ?"

"ತೆಗೀದೆ ಒಳಗೆ ನೋಡೋಕಾಗಲ್ಲ."

ಎಳೆದಳು. ಬಳೆಗಳು ಕಬ್ಬಿಣಕ್ಕೆ ತಾಗಿ ಸದ್ದಾಯಿತು. ಜಗನ್ನಾಥ ಎಳೆದಾಗ ನಳಿಗೆಗೆ ಸೇರಿದ್ದ ಹಿತ್ತಾಳೆಯ ಗುಂಡೊಂದು ಹಾರಿಬಿದ್ದು, ಚಾಪೆಯ ಮೇಲೆ ಉರುಳಿ, ಅಂಜಿನಯ್ಯನ ಪಾದದ ಬಳಿ ನಿಂತಿತು.

ಜಗನ್ನಾಥ ಗುಂಡಿನಿಂದ ಎರಡು ಹೆಜ್ಜೆ ಹಿಂದೆ ಸರಿದ. ಶಿವಗಂಗಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ನರಸಮ್ಮ ಇನ್ನೊಮ್ಮೆ ಎಳೆದು, ಇಣುಕಿ, ಬೆರಳಿಟ್ಟು ನೋಡಿ, ಕೆಂಚಪ್ಪನ ಕಡೆ ಚಾಚಿದಳು.

"ನಾನು ನೋಡಿದೀನಿ ಅಣ್ಣ."

ಕೆಂಚಪ್ಪ ಅದನ್ನು ಹಾಗೇ ತನ್ನ ಚೀಲಕ್ಕೆ ಹಾಕಲಿಲ್ಲ. ಊರುಗೋಲನ್ನು ಗೋಡೆಗಿಟ್ಟು, ಕಾಲೆಳೆದುಕೊಂಡು ಬಕೆಟ್ಟಿನ ತನಕ ಹೋದ. ಎಳೆದ. ಇಣುಕಿದ. ಕಿರುಬೆರಳು ಹಾಕಿ ತೆಗೆದ. ಆಮೇಲೆ ಎಣ್ಣೆ ಹತ್ತಿದ ಆ ಬೆರಳನ್ನು ಹೆಣದ ಮುಖದ ಮುಂದೆ ಹಿಡಿದು, "ಖಾಲಿ ಕಣೋ ಅಂಜಿನಿ," ಎಂದ.